ಎರಡು ಚಪ್ಪಟೆ ಹೂಜಿ

ರಾಲಿ, 2021 ಸೆಪ್ಟೆಂಬರ್ 14

ಶಕೀಲಾ ಅವರಿಗೆ,

ಗುರುದತ್ ಜೂನ್ ಹತ್ತೊಂಬತ್ತರಂದು ತೀರಿಕೊಂಡರು. ಮೇದೋಜೀರಕದ ಕ್ಯಾನ್ಸರ್, ಆರು ತಿಂಗಳ ಕಾಯಿಲೆ. ಯಾರಿಗೂ ಹೇಳಬೇಡ ಎಂದಿದ್ದರು, ನಾನೂ ಹೇಳಲಿಲ್ಲ.

ಒಂದು ವಸ್ತುವನ್ನು ಕೇಳಲು ಬರೆಯುತ್ತಿದ್ದೇನೆ. ಫೋನಿನಲ್ಲಿ ಕೇಳಿದರೆ ಅಳು ಬರುತ್ತದೆ, ಆಮೇಲೆ ನೀವು ಸಮಾಧಾನ ಹೇಳಬೇಕಾಗುತ್ತದೆ. ಅದಕ್ಕೇ ಕಾಗದ.

ಮಾರ್ಚ್ ತಿಂಗಳಲ್ಲಿ ಅವರು ನಿಮ್ಮ ಮ್ಯೂಸಿಯಂಗೆ ಎರಡು ಚಪ್ಪಟೆ ಹೂಜಿ ಕಳಿಸಿದ್ದರು. ಒಂದು ನಿಮ್ಮ ಪರೀಕ್ಷೆಗೆ ಕೊಯ್ಯಲು, ಇನ್ನೊಂದು ನೀವು ಇಟ್ಟುಕೊಳ್ಳಲು. ಆ ಇಟ್ಟುಕೊಂಡದ್ದನ್ನು ನನಗೆ ವಾಪಸ್ ಕೊಡುತ್ತೀರಾ? ಕೊಟ್ಟದ್ದನ್ನು ಕೇಳುವುದು ಸರಿಯಲ್ಲ, ಗೊತ್ತು. ಆದರೆ ಮನೆಯಲ್ಲಿ ಅವರ ಕೈಯ ಒಂದು ಪಾತ್ರೆಯೂ ಇಲ್ಲ. ಹಗಲು ಸ್ಟೇಟ್ ಆಫೀಸಿನ ಡೇಟಾಬೇಸ್, ಶನಿವಾರ ಭಾನುವಾರ ಗ್ಯಾರೇಜಿನಲ್ಲಿ ಮಡಕೆ ಮಾಡುವ ತಿಗುರಿ. ಹನ್ನೆರಡು ವರ್ಷ ಹೀಗೆ ನಡೆಯಿತು. ಮನಸ್ಸಿಗೆ ಬಾರದ್ದನ್ನು ಸುತ್ತಿಗೆಯಿಂದ ಒಡೆದು ಡ್ರೈವ್‌ವೇ ಅಂಚಿಗೆ ಸುರಿಯುತ್ತಿದ್ದರು. ಮನಸ್ಸಿಗೆ ಬಂದದ್ದನ್ನು ಮನೆಗೆ ಬಂದವರ ಕೈಗೆ ಕೊಟ್ಟು ಕಳಿಸುತ್ತಿದ್ದರು.

ನನಗೆ ಆ ಒಂದು ಹೂಜಿ ಬೇಕು. ಬೇರೇನೂ ಬೇಡ.

ಅಲಮೇಲು


ಎಲಿಕಾಟ್ ಸಿಟಿ, 2021 ಸೆಪ್ಟೆಂಬರ್ 27

ಅಲಮೇಲು ಅವರಿಗೆ,

ನಿಮ್ಮ ಪತ್ರ ತಲುಪಿತು. ಸುದ್ದಿ ನನಗೆ ಜೂನ್ ಕೊನೆಯಲ್ಲೇ ಗೊತ್ತಾಗಿತ್ತು. ಮೂರು ಸಲ ಬರೆಯಲು ಕುಳಿತು ಮೂರು ಸಲವೂ ಎದ್ದೆ. ಕ್ಷಮಿಸಿ.

ನಾನು ಗುರುದತ್ ಅವರನ್ನು ಮೊದಲು ನೋಡಿದ್ದು 2018ರ ನವೆಂಬರಿನಲ್ಲಿ, ವಾಷಿಂಗ್ಟನ್ನಿನಲ್ಲಿ, ನಮ್ಮ ಮ್ಯೂಸಿಯಂ ಗ್ಯಾಲರಿಯಲ್ಲಿ. ಬೆನ್ನ ಹಿಂದೆ ಯಾರೋ ಕನ್ನಡದಲ್ಲಿ, "ಅಲ್ಲ ಕಣೇ, ಇದನ್ನ ಎರಡು ಬಟ್ಟಲು ಮಾಡಿ ಜಾಯಿನ್ ಮಾಡಿದಾರೆ" ಎಂದರು. "ಜಾಯಿನ್ ಮಾಡ್ಲಿ ಬಿಡ್ಲಿ, ಪಾರ್ಕಿಂಗ್ ಟೈಮ್ ಮುಗೀತು ಬನ್ನಿ" ಎಂದು ನೀವು ಹೇಳಿದಿರಿ. ಅವರು ನೋಡುತ್ತಿದ್ದುದು ಎಂಟುನೂರು ವರ್ಷ ಹಳೆಯ ಹೂಜಿ. ಚೀನಾದ ವಾಯುವ್ಯದಲ್ಲಿ, ಮರಳುಗಾಡಿನ ಅಂಚಿನಲ್ಲಿದ್ದ ಶೀ ಶ್ಯಾ ರಾಜ್ಯದ್ದು. ಎರಡು ಬಟ್ಟಲುಗಳ ಬಾಯಿಗೆ ಬಾಯಿ ಸೇರಿಸಿ ಮಾಡಿದ್ದಾರೆಂದು ಗಾಜಿನಾಚೆಯಿಂದಲೇ ಕಂಡುಹಿಡಿದವರು ನನ್ನ ಅನುಭವದಲ್ಲಿ ಅವರೊಬ್ಬರೇ.

ಅಸಲಿ ಹೂಜಿಯನ್ನು ಕೊಯ್ಯುವಂತಿಲ್ಲ. ಒಳಗಿನ ಬೆಸುಗೆ ಹೇಗಿದೆ, ಮೇಲಿನ ಗಾಜಿನಂಥ ಲೇಪವನ್ನು, ಗ್ಲೇಜನ್ನು, ಎಷ್ಟು ದಪ್ಪ ಹಚ್ಚಿದ್ದರು ಎಂದು ಊಹಿಸಲು ಅದೇ ರೀತಿಯಲ್ಲಿ ಮಾಡಿದ ಹೊಸ ಹೂಜಿ ಬೇಕಿತ್ತು. ಅದನ್ನು ಅವರು ಮಾಡಿಕೊಟ್ಟರು. ಎರಡರಲ್ಲಿ ಒಂದನ್ನು ಏಪ್ರಿಲ್‌ನಲ್ಲಿ ಕೊಯ್ದೆ. ಇನ್ನೊಂದು ನನ್ನ ಕಪಾಟಿನಲ್ಲಿ ಕ್ಷೇಮವಾಗಿದೆ. ಅದು ನಿಮ್ಮದೇ. ಹೊರಗೆ ಕಳಿಸಲು ಅನುಮತಿ ಪತ್ರಗಳು ಆಗಬೇಕು, ಎರಡು ತಿಂಗಳು ಹಿಡಿಯಬಹುದು.

ಅವರಿಗೆ ಹೇಳಬೇಕಿದ್ದ ಒಂದು ಮಾತನ್ನು ನಿಮಗೆ ಹೇಳುತ್ತೇನೆ. ಉಳಿದಿರುವ ಹೂಜಿಯ ಕೆತ್ತನೆಯನ್ನು ಲೆನ್ಸಿನ ಕೆಳಗೆ ನೋಡಿದ್ದೇನೆ. ಕಪ್ಪು ಗ್ಲೇಜ್ ಒಣಗಿದ ಮೇಲೆ, ಸುಡುವ ಮೊದಲು, ಹೂವನ್ನು ಬಿಟ್ಟು ಸುತ್ತಲಿನದನ್ನು ಕೆರೆದು ತೆಗೆಯಬೇಕು. ಒಮ್ಮೆ ತೆಗೆದದ್ದನ್ನು ಮತ್ತೆ ಹಚ್ಚಲಾಗದು. ಆ ಕೈ ಎಲ್ಲಿಯೂ ಅವಸರ ಮಾಡಿಲ್ಲ. ಪಿಯೊನಿ ಹೂವಿನ ಒಂದೊಂದು ದಳವನ್ನೂ ಕಾಪಾಡಿಕೊಂಡು ಸುತ್ತಿ ಬಂದಿದೆ.

ಶಕೀಲಾ


ರಾಲಿ, 2021 ಅಕ್ಟೋಬರ್ 9

ಪ್ರಿಯ ಶಕೀಲಾ ಅವರೆ,

ನಿಮ್ಮ ಪತ್ರದ ಕೊನೆಯ ಭಾಗವನ್ನು ಮಗಳು ನಿಧಿಗೆ ಓದಿ ಹೇಳಿದೆ. ಅವಳಿಗೆ ಹದಿನೈದು, ಕನ್ನಡ ಕೇಳುತ್ತಾಳೆ, ಓದಲು ಬರುವುದಿಲ್ಲ. "ಅಮ್ಮ, ಯು ಆರ್ ಸ್ಮೈಲಿಂಗ್" ಎಂದಳು. ಜೂನ್ ಆದ ಮೇಲೆ ಮೊದಲನೇ ಸಲವಂತೆ. ಅವಳೇ ಲೆಕ್ಕ ಇಟ್ಟಿದ್ದಾಳೆ.

ನೀವು ಇಷ್ಟು ಹೊಗಳುತ್ತೀರೆಂದು ಎಣಿಸಿರಲಿಲ್ಲ. ದಳಗಳ ಬಗ್ಗೆ ಬರೆದದ್ದನ್ನು ನಾನು ಬಾಯಿಪಾಠ ಮಾಡಿದ್ದೇನೆ ಎಂದರೆ ನಗುತ್ತೀರಿ.

ಈ ವರ್ಷ ನಮ್ಮಲ್ಲಿ ಗೊಂಬೆ ಕೂರಿಸಿಲ್ಲ. ಕೂರಿಸುತ್ತಿದ್ದ ಮೂಲೆ ಬರಿದಾಗಿದೆ. ಅಲ್ಲಿ ಒಂದು ಹಲಗೆ ಹೊಡೆಸಿದ್ದೇನೆ, ಹೂಜಿಗೆಂದು.

ಒಂದು ಪ್ರಶ್ನೆ. ಹೂವಿನ ಎಡಗಡೆ, ಕೆಳಗಿನ ಎಲೆಯ ಪಕ್ಕದಲ್ಲಿ ಚಾಕು ಜಾರಿ ಒಂದು ಗೀಟು ಆಚೆ ಹೋಗಿದೆಯಲ್ಲ, ಅದು ನಿಮ್ಮ ಲೆನ್ಸಿನಲ್ಲಿ ತುಂಬ ವಿಕಾರವಾಗಿ ಕಾಣುತ್ತದೆಯೇ? ಉಪಚಾರಕ್ಕೆ ಹೇಳಬೇಡಿ, ನಿಜ ಹೇಳಿ.

ಅಲಮೇಲು


ಎಲಿಕಾಟ್ ಸಿಟಿ, 2021 ಡಿಸೆಂಬರ್ 6

ಅಲಮೇಲು ಅವರಿಗೆ,

ಅನುಮತಿ ಬಂದಿದೆ. ಪೆಟ್ಟಿಗೆಯನ್ನು ಇಂದು ಕಳಿಸಿದ್ದೇನೆ, ಗುರುವಾರದೊಳಗೆ ತಲುಪಬೇಕು. ಒಳಗೆ ಎರಡು ಪದರ ಸ್ಪಂಜು ಇದೆ. ಬಿಚ್ಚುವಾಗ ಹೂಜಿಯ ಕಿವಿಯಂಥ ಹಿಡಿಗಳಿಂದ ಎತ್ತಬೇಡಿ, ತಳಕ್ಕೆ ಕೈ ಕೊಡಿ.

ನೀವು ಕೇಳಿದ ಚಾಕುವಿನ ಗುರುತು ಈ ಹೂಜಿಯಲ್ಲಿ ನನಗೆ ಕಾಣಲಿಲ್ಲ.

ಚಳಿ ಹೆಚ್ಚಾಗಿದೆ. ಆರೋಗ್ಯ ನೋಡಿಕೊಳ್ಳಿ.

ಶಕೀಲಾ


ರಾಲಿ, 2021 ಡಿಸೆಂಬರ್ 14

ಶಕೀಲಾ ಅವರೆ,

ಇದು ಅದಲ್ಲ.

ಇದೂ ಅವರದೇ, ನನಗೆ ಗುರುತು ಸಿಗದೇ ಇರುತ್ತದೆಯೇ? ಹೋದ ವರ್ಷ ನವೆಂಬರಿನಲ್ಲಿ, ಇನ್ನೂ ಏನೂ ಗೊತ್ತಿಲ್ಲದಾಗ, ಪೂರ್ತಿ ಅವರೊಬ್ಬರೇ ಮಾಡಿದ್ದು. ಆದರೆ ನಾನು ಕೇಳಿದ್ದು ಇನ್ನೊಂದನ್ನು. ಅದರ ಬಗ್ಗೆ ಮುಚ್ಚಿಟ್ಟಿದ್ದೆ. ಈಗ ಹೇಳುತ್ತೇನೆ.

ಜನವರಿಯಲ್ಲಿ ಚಿಕಿತ್ಸೆ ಶುರುವಾಯಿತು. ಆ ಔಷಧಿಯಿಂದ ಅವರಿಗೆ ತಣ್ಣಗಿನದನ್ನು ಮುಟ್ಟಿದರೆ ಕರೆಂಟ್ ಹೊಡೆದಂತಾಗುತ್ತಿತ್ತು. ಫ್ರಿಜ್ಜಿನಿಂದ ಹಾಲು ತೆಗೆಯಲೂ ಕೈಗವಸು. ಬರಬರುತ್ತ ಬೆರಳ ತುದಿಯಲ್ಲಿ ಸ್ಪರ್ಶವೇ ಹೋಯಿತು. ಆದರೂ ಫೆಬ್ರವರಿಯಲ್ಲಿ, ನಿಮಗೆ ಎರಡು ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದು ಹಟ. ನಾನು ಕೆಟಲ್‌ನಲ್ಲಿ ನೀರು ಕಾಯಿಸಿ ಕಾಯಿಸಿ ತಿಗುರಿಯ ಪಕ್ಕ ಇಡುತ್ತಿದ್ದೆ. ಬಿಸಿನೀರಿನಲ್ಲಿ ಕೈ ಅದ್ದಿ ಎರಡು ಬಟ್ಟಲು ತಿರುಗಿಸಿದರು, ಸೇರಿಸಿದರು, ಗ್ಲೇಜ್ ಹಚ್ಚಿದರು. ಇಷ್ಟಕ್ಕೆ ಮೂರು ವಾರ. ಕೆತ್ತಲು ಕುಳಿತಾಗ ಚಾಕು ಕೈಯಲ್ಲಿ ನಿಲ್ಲಲಿಲ್ಲ. ಎರಡು ಸಲ ಬಿತ್ತು.

"ನೀನೇ ಕೆತ್ತು" ಎಂದರು.

"ನಂಗೇನ್ ಗೊತ್ತು ರೀ? ಬದನೆಕಾಯಿ ಹೆಚ್ಚೋದು ಗೊತ್ತು."

"ಇದೂ ಅಷ್ಟೇ. ಹೂವನ್ನ ಮುಟ್ಬೇಡ. ಸುತ್ತ ಇರೋದನ್ನ ತೆಗಿ."

ನಾಲ್ಕು ಮಧ್ಯಾಹ್ನ ಕೆತ್ತಿದೆ. ಪಕ್ಕದಲ್ಲೇ ಕಂಬಳಿ ಹೊದ್ದು ಕುಳಿತು, "ಅಬ್ಬಾ, ಅಷ್ಟು ಹೆದ್ರುಕೊಂಡ್ರೆ ಉಗಾದಿಗೂ ಮುಗಿಯಲ್ಲ ಕಣೇ" ಎಂದು ರೇಗಿಸುತ್ತಿದ್ದರು. ಮೂರನೆಯ ದಿನ ಎಲೆಯ ಹತ್ತಿರ ಚಾಕು ಜಾರಿತು. ನಾನು ಅತ್ತೆ. ಒಡೆದುಬಿಡಿ ಎಂದೆ. ಹನ್ನೆರಡು ವರ್ಷ ಸುತ್ತಿಗೆ ಹಿಡಿದಿದ್ದ ಮನುಷ್ಯ, "ಇದನ್ನ ಒಡೆಯಲ್ಲ" ಎಂದರು.

ಅದನ್ನು ನಿಮಗೆ ಕಳಿಸಿದ್ದು ಅವರ ತುಂಟತನ. "ಯಾರು ಕೆತ್ತಿದ್ದು ಅಂತ ಹೇಳೋದ್ ಬೇಡ. ಶಕೀಲಾ ಮೇಡಂ ಏನಂತಾರೆ ನೋಡೋಣ." ಒಳ್ಳೆಯದನ್ನೇ ಗರಗಸಕ್ಕೆ ಕೊಡುತ್ತೀರಾ ಎಂದು ನಾನೇ ಜಗಳವಾಡಿದೆ. "ಕೊಯ್ಯೋಕೆ ಒಳ್ಳೇದನ್ನೇ ಕೊಡ್ಬೇಕು. ಗ್ಲೇಜ್ ಸಮ ಇಲ್ದಿದ್ರೆ ಅವ್ರ ನಂಬರೆಲ್ಲ ತಪ್ಪಾಗತ್ತೆ" ಎಂದರು. ಎರಡು ಪೆಟ್ಟಿಗೆಯಲ್ಲೂ ಚೀಟಿ ಇಟ್ಟರು. ಅವರದಕ್ಕೆ, ಇದನ್ನು ಕೊಯ್ಯಿರಿ. ನಾನು ಕೆತ್ತಿದ್ದಕ್ಕೆ, ಇದನ್ನು ಇಟ್ಟುಕೊಳ್ಳಿ.

ಆಮೇಲೆ ಇಬ್ಬರೂ ಕಾದೆವು. ನಿಮ್ಮಿಂದ ಒಂದು ಸಾಲಿನ ಇಮೇಲ್ ಬಂತು, ಎರಡೂ ಸುರಕ್ಷಿತವಾಗಿ ತಲುಪಿವೆ ಎಂದು. ಮೇ ತಿಂಗಳಲ್ಲಿ ಆಸ್ಪತ್ರೆಯಲ್ಲಿದ್ದಾಗಲೂ, "ಮೇಡಂ ಏನಾದ್ರೂ ಬರೆದ್ರಾ?" ಎಂದು ಕೇಳಿದರು.

ಸೆಪ್ಟೆಂಬರಿನಲ್ಲಿ ನೀವು ಹೊಗಳಿದಾಗ ಅದು ನನ್ನ ಕೈ ಎಂದುಕೊಂಡೆ. ಅಲ್ಲ. ಅವರ ಕೈಯನ್ನು ಹೊಗಳಿದ್ದಕ್ಕೆ ನನಗೆ ಬೇಸರವಿಲ್ಲ.

ನನ್ನದು ಎಲ್ಲಿದೆ?

ಅಲಮೇಲು


ಎಲಿಕಾಟ್ ಸಿಟಿ, 2022 ಜನವರಿ 3

ಅಲಮೇಲು ಅವರಿಗೆ,

ನಾನು ಕೊಯ್ದದ್ದು ಅದನ್ನೇ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಆ ವಸಂತದಲ್ಲಿ ಕೋವಿಡ್ ಸೋಂಕಿನ ಭಯಕ್ಕೆ ಹೊರಗಿನ ಪೆಟ್ಟಿಗೆಗಳು ನಮ್ಮ ಪ್ರಯೋಗಾಲಯಕ್ಕೆ ಬರುತ್ತಿರಲಿಲ್ಲ. ಮೂರು ದಿನ ಕೆಳಗೆ ಇಟ್ಟು, ಅಲ್ಲೇ ಬಿಚ್ಚಿ, ವಸ್ತುವನ್ನು ಮಾತ್ರ ಮೇಲೆ ಕಳಿಸುತ್ತಿದ್ದರು. ಹೂಜಿಗಳು ನನ್ನ ಮೇಜಿಗೆ ಬಂದಾಗ ಚೀಟಿಗಳು ಇರಲಿಲ್ಲ. ಯಾವುದು ಯಾವುದಕ್ಕೆ ಎಂದು ಗುರುದತ್ ಅವರಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಕೇಳುವ ಅಗತ್ಯವಿದೆಯೆಂದೇ ತೋರಲಿಲ್ಲ. ನಮ್ಮ ಕಸುಬಿನಲ್ಲಿ ಕೊಯ್ಯುವುದು ಯಾವಾಗಲೂ ಕಳಪೆಯದನ್ನು, ಉಳಿಸುವುದು ಒಳ್ಳೆಯದನ್ನು. ಇಪ್ಪತ್ತೆರಡು ವರ್ಷ ಹಾಗೆಯೇ ಮಾಡಿದ್ದೇನೆ.

ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಹೀಗಿದೆ: "ಎರಡನೆಯದು ದುರ್ಬಲ. ಕೈ ಖಚಿತವಾಗಿಲ್ಲ, ಎಡ ಎಲೆಯ ಬಳಿ ಜಾರಿದೆ. ಕೊಯ್ಯಲು ಇದೇ ಸರಿ." ಇದನ್ನು ನಿಮ್ಮಿಂದ ಮರೆಮಾಡಿದರೆ ಇನ್ನೊಂದು ತಪ್ಪಾಗುತ್ತದೆ. ಆಗಲೇ ಒಂದು ಮಾಡಿದ್ದೇನೆ. ಅಕ್ಟೋಬರಿನಲ್ಲಿ ನೀವು ಚಾಕುವಿನ ಗೀಟಿನ ಬಗ್ಗೆ ಕೇಳಿದ ಕ್ಷಣ ನನಗೆ ಅರ್ಥವಾಗಿತ್ತು. ಆದರೂ ಇನ್ನೊಂದನ್ನು ಕಳಿಸಿದೆ. ಚೆನ್ನಾಗಿರುವುದನ್ನು ನೋಡಿ ನೀವು ಒಪ್ಪಿಕೊಳ್ಳಬಹುದು ಎಂದುಕೊಂಡೆ. ನನ್ನ ಗಂಡ ಇಜಾಜ್ ಬೇಡವೆಂದರು. "ಅವ್ರು ಕೇಳಿರೋದು ಚೆನ್ನಾಗಿರೋದನ್ನಲ್ಲ. ಅದನ್ನ ಕೇಳಿದಾರೆ, ಅಷ್ಟೇ." ನಾನು ಕೇಳಲಿಲ್ಲ.

ಗುರುದತ್ ಅವರಿಗೆ ಬರೆದ ಆ ಇಮೇಲ್ ಒಂದೇ ಸಾಲಿನದಾಗಿದ್ದೂ ಆ ಕೆತ್ತನೆಯ ಕಾರಣಕ್ಕೇ. ಎರಡನೆಯದರ ಕೆಲಸ ಸೋತಿದೆ ಎನಿಸಿತ್ತು. ಬರೆದರೆ ನೋವಾಗುತ್ತದೆ ಎಂದು ಬರೆಯಲಿಲ್ಲ.

ಹೂಜಿ ಈಗ ಎರಡು ಹೋಳಾಗಿ ನನ್ನಲ್ಲಿದೆ. ಕುತ್ತಿಗೆಯಿಂದ ತಳದವರೆಗೆ, ಹೂವಿನ ನಡುವೆ ಕೊಯ್ದಿದ್ದೇನೆ. ಗರಗಸದ ದಪ್ಪದಷ್ಟು, ಒಂದೂವರೆ ಮಿಲಿಮೀಟರ್, ಪುಡಿಯಾಗಿ ಗರಗಸಕ್ಕೆ ಹರಿಸುವ ನೀರಿನಲ್ಲಿ ಹೋಯಿತು. ಅಂಟಿಸಬಹುದು. ಸಂದಿಯನ್ನು ತುಂಬಿ ಬಣ್ಣ ಕೊಟ್ಟರೆ ಆರು ಅಡಿ ದೂರದಿಂದ ಕಾಣುವುದಿಲ್ಲ. ನೀವು ಹೇಳಿದಂತೆ ಮಾಡುತ್ತೇನೆ.

ಶಕೀಲಾ


ಎಲಿಕಾಟ್ ಸಿಟಿ, 2022 ಮಾರ್ಚ್ 20

ಅಲಮೇಲು ಅವರಿಗೆ,

ನೀವು ಹೇಳುವವರೆಗೆ ಏನನ್ನೂ ಅಂಟಿಸುವುದಿಲ್ಲ. ಹೋಳುಗಳು ನನ್ನ ಕಪಾಟಿನಲ್ಲಿವೆ, ಬೀಗ ಹಾಕಿದೆ.

ಉತ್ತರ ಬರೆಯಲೇಬೇಕೆಂದಿಲ್ಲ.

ಶಕೀಲಾ


ನಾರ್‌ಕ್ರಾಸ್, 2022 ಜುಲೈ 8

ಶಕೀಲಾ ಅವರೆ,

ಆರು ತಿಂಗಳು ಬರೆಯದಿದ್ದುದಕ್ಕೆ ಕ್ಷಮೆ ಕೇಳುವುದಿಲ್ಲ.

ವರ್ಷಾಬ್ದಿಕ ಮುಗಿಸಿ ನಿಧಿಯನ್ನು ಕರೆದುಕೊಂಡು ತಂಗಿ ಚೈತನ್ಯಾಳ ಮನೆಗೆ ಬಂದಿದ್ದೇನೆ. ಇಲ್ಲಿ ಯಾವ ಅಂಗಡಿಗೆ ಹೋದರೂ ಕನ್ನಡದವರು ಸಿಗುತ್ತಾರೆ. ಕರಿಬೇವು ಆರಿಸುವಾಗ ಒಬ್ಬ ಆಂಟಿ, "ಇನ್ನೂ ಯಂಗ್ ಇದೀಯಮ್ಮ, ಬಿಜಿ ಇರು, ಏನಾದ್ರೂ ಹಾಬಿ ಇಟ್ಕೋ" ಎಂದರು. ನನ್ನ ಹಾಬಿ ವಾಷಿಂಗ್ಟನ್ನಿನ ಕಪಾಟಿನಲ್ಲಿ ಎರಡು ಹೋಳಾಗಿದೆ ಆಂಟಿ ಎನ್ನಬೇಕೆಂದಿತ್ತು. ಕರಿಬೇವು ತಂದೆ.

ನಿಮ್ಮ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಬರೆದು ಹರಿದ ಕಾಗದಗಳನ್ನು ಚೈತನ್ಯಾ ಕೂಡಿಸಿ ಓದಿ, "ಅಕ್ಕ, ಇದನ್ನ ಪೋಸ್ಟ್ ಮಾಡಿದ್ರೆ ಅವ್ರು ಲಾಯರ್‌ನ ಕರೀತಾರೆ" ಎಂದಳು. ನಿಮ್ಮ ನೋಟ್‌ಬುಕ್ಕಿನ ಸಾಲು ತಪ್ಪೇನಲ್ಲ. ಕೈ ಖಚಿತವಾಗಿರಲಿಲ್ಲ. ಒಂದು ಫೋನ್, ಶಕೀಲಾ ಅವರೆ. ಅಷ್ಟೇ ಬೇಕಾಗಿದ್ದುದು. ನೀವು ಫೋನ್ ಮಾಡಿದ್ದರೆ ಅವರು ನಕ್ಕು, ಕೆತ್ತಿದ್ದು ಯಾರು ಹೇಳಿ ನೋಡೋಣ ಎನ್ನುತ್ತಿದ್ದರು. ನನಗೆ ಹೂಜಿಯೂ ಉಳಿಯುತ್ತಿತ್ತು, ಅವರು ನಕ್ಕದ್ದೂ ಇರುತ್ತಿತ್ತು.

ಅಂಟಿಸಬೇಡಿ. ಆರು ಅಡಿ ದೂರದಿಂದ ನೋಡಲು ನನಗೆ ಅದು ಬೇಕಿರಲಿಲ್ಲ.

ಒಂದು ವಿಷಯ ಕೇಳಬೇಕು. ಬಟ್ಟಲುಗಳನ್ನು ಸೇರಿಸಿದ ಮೇಲೆ ಒಳಗಡೆ ಯಾರಿಗೂ ಕಾಣುವುದಿಲ್ಲ. ನಾನು ಹೊರಗಿನದನ್ನಷ್ಟೇ ಕೆತ್ತಿದ್ದು. ಒಳಗಿನದೆಲ್ಲ ಅವರೇ ಮಾಡಿದ್ದು. ಹೇಗಿದೆ ಅದು?

ಅಲಮೇಲು


ಎಲಿಕಾಟ್ ಸಿಟಿ, 2022 ಆಗಸ್ಟ್ 2

ಅಲಮೇಲು ಅವರಿಗೆ,

ಹೋಳುಗಳನ್ನು ನಿನ್ನೆ ಮತ್ತೆ ಹೊರತೆಗೆದು ನೋಡಿದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಒಳಗೆ ಗ್ಲೇಜ್ ತೆಳುವಾಗಿದೆ, ಕಂದು ಬಣ್ಣ. ತಿಗುರಿಯ ಸುತ್ತುಗಳು ಎರಡು ಬಟ್ಟಲಿನಲ್ಲೂ ಸ್ಪಷ್ಟ. ಬಾಯಿಗಳು ಸೇರುವಲ್ಲಿ ಮಣ್ಣಿನ ಎಳೆಯೊಂದನ್ನು ಒಳಗಿನಿಂದ ಒತ್ತಿದ್ದಾರೆ. ಕುತ್ತಿಗೆ ಕೂರಿಸುವ ಮೊದಲು ಅದರ ತೂತಿನಿಂದ ಒಂದೇ ಬೆರಳು ಹೋಗುತ್ತದೆ. ಬೆರಳು ತಲುಪುವವರೆಗೆ ಒತ್ತಿದ ಗುರುತುಗಳಿವೆ, ಒಂದು ಹೋಳಿನಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು. ಆ ಒತ್ತು ಬೇಕಾದ್ದಕ್ಕಿಂತ ಬಹಳ ಆಳ. ಒಂದು ಕಡೆ ಗೋಡೆ ತೂತಾಗಲು ಒಂದು ಮಿಲಿಮೀಟರ್ ಮಾತ್ರ ಉಳಿದಿದೆ.

ಹೋದ ವರ್ಷ ಇದನ್ನು ನಾನು ಅಜಾಗರೂಕತೆ ಎಂದು ದಾಖಲಿಸಿದ್ದೆ. ಮಣ್ಣು ಎಲ್ಲಿದೆ ಎಂದು ತಿಳಿಯದ ಬೆರಳು, ತಿಳಿಯುವವರೆಗೆ ಒತ್ತಿದೆ. ಈಗ ಹಾಗೆ ಓದುತ್ತೇನೆ.

ದಾಖಲೆಯನ್ನು ತಿದ್ದಿದ್ದೇನೆ. "ತಯಾರಿ: ಗುರುದತ್" ಎಂಬುದರ ಕೆಳಗೆ "ಕೆತ್ತನೆ: ಅಲಮೇಲು" ಎಂದು ಸೇರಿಸಿದೆ. ಕೊಯ್ದದ್ದು ತಪ್ಪಿನಿಂದ ಎಂದೂ, ಆ ತಪ್ಪು ನನ್ನದೆಂದೂ ಬರೆದು ಸಹಿ ಹಾಕಿದ್ದೇನೆ. ಹೋಳುಗಳು ನಿಮ್ಮ ಸ್ವತ್ತು. ಕಳಿಸಲೇ, ಬರುತ್ತೀರಾ, ನನ್ನಲ್ಲೇ ಇರಲೇ, ನೀವು ಹೇಳಿದಂತೆ.

ಶಕೀಲಾ


ರಾಲಿ, 2023 ಏಪ್ರಿಲ್ 16

ಶಕೀಲಾ,

ಎಂಟು ತಿಂಗಳಾಯಿತು. ಒಂಬತ್ತು ಗುರುತು ಎಂದು ನೀವು ಬರೆದ ಮೇಲೆ ನನಗೆ ಅದೇ ಆಗಿಹೋಯಿತು. ಚಪಾತಿ ಹಿಟ್ಟು ನಾದುವಾಗ ಬೆರಳು ಒತ್ತಿ ಎಷ್ಟು ಆಳ ಹೋಗುತ್ತದೆ ಎಂದು ನೋಡುತ್ತೇನೆ. ಅಷ್ಟು ಒತ್ತುವಾಗಲೂ ಅವರು ನನ್ನೊಂದಿಗೆ ಏನೋ ಹರಟುತ್ತಿದ್ದರು. ಕೈಗೆ ಏನೂ ತಿಳಿಯುತ್ತಿಲ್ಲ ಎಂದು ಒಂದು ಸಲವೂ ಹೇಳಲಿಲ್ಲ. ಚಾಕು ಬಿದ್ದ ಮೇಲಷ್ಟೇ ನನಗೆ ಗೊತ್ತಾದದ್ದು.

ನೀವು ಕಳಿಸಿದ ಒಳ್ಳೆಯ ಹೂಜಿ ಹಲಗೆಯ ಮೇಲಿದೆ. ಸಿಟ್ಟಿನಲ್ಲಿ ಒಂದು ವರ್ಷ ಅದನ್ನು ಸರಿಯಾಗಿ ನೋಡಿರಲಿಲ್ಲ. ಹೋದ ವಾರ ಕೆಳಗಿಳಿಸಿ ಕುತ್ತಿಗೆಯೊಳಗೆ ಫೋನಿನ ಬೆಳಕು ಬಿಟ್ಟೆ. ಏನೂ ಕಾಣಲಿಲ್ಲ. ಬೆರಳು ಹಾಕಿದೆ. ಒಂದು ಗೆಣ್ಣು ಹೋಯಿತು, ನುಣ್ಣಗಿತ್ತು, ಅಲ್ಲಿಗೇ ಸಿಕ್ಕಿಕೊಂಡಿತು. ಸೋಪು ಹಚ್ಚಿ ಬಿಡಿಸಿಕೊಂಡೆ.

ಇದನ್ನು ಅವರು ಕೊಯ್ಯಲೆಂದೇ ಮಾಡಿದ್ದು. ಚೀಟಿಯಲ್ಲಿ ಹಾಗೇ ಬರೆದಿದ್ದರು. ಇದರೊಳಗಿರುವುದು ನವೆಂಬರಿನ ಬೆರಳು, ಮಣ್ಣು ಎಲ್ಲಿದೆ ಎಂದು ಗೊತ್ತಿದ್ದ ಬೆರಳು. ಇನ್ನೊಂದು ತಿಂಗಳಿಗೆ ಕಾಯಿಲೆ ಗೊತ್ತಾಯಿತು, ಅದಕ್ಕೂ ಮೊದಲು ಮಾಡಿದ್ದು. ನನಗೆ ಅದನ್ನು ನೋಡಬೇಕು. ಹೊರಗಿನಿಂದ ನೋಡಿ ಸಾಕಾಗಿದೆ.

ನಿಧಿಗೆ ಹೇಳಿದೆ. "ಅಮ್ಮ, ಆರ್ ಯು ಕ್ರೇಜಿ? ಅಪ್ಪಂದು ಇದೊಂದೇ ಬ್ರೇಕ್ ಆಗದೇ ಇರೋದು!" ಎಂದು ಕೂಗಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಹೇಳುವುದೂ ಸರಿ. ಎರಡು ದಿನ ತಟ್ಟೆಯನ್ನು ಕೋಣೆಗೇ ತೆಗೆದುಕೊಂಡು ಹೋಗಿ ಉಂಡಳು. ಇವತ್ತು ತಿಂಡಿ ತಿನ್ನುತ್ತ, ನನ್ನ ಮುಖ ನೋಡದೆ, "ನಾನೂ ಬರ್ತೀನಿ. ಐ ವಿಲ್ ಡ್ರೈವ್" ಎಂದಳು.

ಜೂನ್ ಹದಿನಾರು, ಶುಕ್ರವಾರ, ಬೆಳಿಗ್ಗೆ ಇಲ್ಲಿಂದ ಹೊರಡುತ್ತೇವೆ. ನಿಮ್ಮ ಗರಗಸವನ್ನು ಮಧ್ಯಾಹ್ನಕ್ಕೆ ಬಿಡುವಾಗಿ ಇಟ್ಟುಕೊಂಡಿರಿ. ನನ್ನದನ್ನು ಕೊಯ್ದ ಹಾಗೆಯೇ ಕೊಯ್ಯಬೇಕು, ಕುತ್ತಿಗೆಯಿಂದ ತಳಕ್ಕೆ, ಹೂವಿನ ನಡುವೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ನೀವು ಬೇಡವೆನ್ನಲು ಒಂದು ಪತ್ರ ಬರೆಯುತ್ತೀರಿ ಎಂದು ಗೊತ್ತು. ಬರೆಯಿರಿ. ಓದುತ್ತೇನೆ, ಆದರೆ ಬರುತ್ತೇನೆ.

ಪೆಟ್ಟಿಗೆ, ಸ್ಪಂಜು ಎರಡನ್ನೂ ಗ್ಯಾರೇಜಿನಿಂದ ತಂದಿಟ್ಟಿದ್ದೇನೆ. ಹೂಜಿ ಊಟದ ಮೇಜಿನ ಮೇಲಿದೆ. ಇನ್ನೂ ಇಡಿಯಾಗಿದೆ.

ಅಲಮೇಲು